ಸಹಕಾರಿ ವಸತಿಗೆ ಬೇಕು ಪಳಗಿದ ಕೈ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ಹಿರಿಯರ ಮಾತು. ಹಿಮಾಯತ್‌ನಗರದಂತಹ ಬಡಾವಣೆಗಳಲ್ಲಿ ಅದಕ್ಕೆ “ಕಟ್ಟಿದ ಮನೆಯನ್ನು ಕೂಡಿ ನಡೆಸಿ ನೋಡು” ಎಂದೂ ಸೇರಿಸಬೇಕಾಗಿದೆ. ಇಲ್ಲಿನ ಬಹುಮಹಡಿ ಕಟ್ಟಡಗಳಲ್ಲಿ ಮನೆಯೊಳಗಿನದು ಅವರವರದು. ನೀರಿನ ಸಂಪು, ಲಿಫ್ಟು, ಮೆಟ್ಟಿಲು, ಒಳಚರಂಡಿ ಎಲ್ಲರವು. ಎಲ್ಲರದ್ದಾದುದನ್ನು ನೋಡಿಕೊಳ್ಳುವವರು ಯಾರು?

ಸಾಮಾನ್ಯವಾಗಿ ಈ ಹೊಣೆ ನಿವೃತ್ತರೊಬ್ಬರ ಹೆಗಲೇರುತ್ತದೆ. ಗೌರವ ಕಾರ್ಯದರ್ಶಿಯಾದ ಅವರಲ್ಲಿ ಪ್ರಾಮಾಣಿಕತೆಗೆ ಕೊರತೆಯಿರುವುದಿಲ್ಲ. ಆದರೆ ಕಟ್ಟಡವನ್ನು ನಡೆಸುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ.

ಸಹಕಾರವು ಕನ್ನಡಿಗರಿಗೆ ಹೊಸದಲ್ಲ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘಕ್ಕೆ ನಾಂದಿ ಹಾಡಿದರು. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಟ್ಟಡ ಸಹಕಾರ ಸಂಘವು ದೇಶದ ಮೊತ್ತಮೊದಲ ವಸತಿ ಸಹಕಾರ ಸಂಘವೆಂದು ಹೆಸರಾಗಿದೆ. ಹೈದರಾಬಾದಿನ ಜೂಬಿಲಿ ಹಿಲ್ಸ್ ಬಡಾವಣೆಯೂ ಗೃಹನಿರ್ಮಾಣ ಸಹಕಾರ ಸಂಘವೊಂದರ ಫಲವೇ. ಆದರೆ ನಿವೇಶನ ಹಂಚುವ ಸಂಘದ ಮುಖ್ಯ ಕೆಲಸ ಹಂಚಿಕೆಯೊಂದಿಗೆ ಮುಗಿಯುತ್ತದೆ. ಬಹುಮಹಡಿ ಕಟ್ಟಡದ ಸಂಘದ ಕೆಲಸ ಗೃಹಪ್ರವೇಶದಂದು ಆರಂಭವಾಗುತ್ತದೆ.

ಈ ಕೆಲಸದಲ್ಲಿ ಮೊದಲನೆಯದು ಲೆಕ್ಕ. ತಿಂಗಳ ವಂತಿಗೆಯನ್ನು ಕಡಿಮೆ ಇರಿಸಿದ ಕಾರ್ಯದರ್ಶಿಯೇ ಜಾಣನೆಂಬ ಭಾವನೆ ಸದಸ್ಯರಲ್ಲಿದೆ. ಇದು ಉಳಿತಾಯವಲ್ಲ, ಮುಂದೂಡಿದ ಖರ್ಚು. ಉದಾಹರಣೆಗೆ, ಇಪ್ಪತ್ತು ಮನೆಗಳ ಕಟ್ಟಡದಲ್ಲಿ ಹದಿನೈದು ವರ್ಷಗಳ ತರುವಾಯ ಲಿಫ್ಟು ಬದಲಿಸಲು 14,40,000 ರೂಪಾಯಿ ಬೇಕೆಂದು ಭಾವಿಸೋಣ. ಪ್ರತಿ ಮನೆಯ ಪಾಲು 72,000 ರೂಪಾಯಿ. ಮೊದಲಿನಿಂದಲೇ ಪ್ರತ್ಯೇಕ ನಿಧಿಗೆ ಕೂಡಿಟ್ಟರೆ ತಿಂಗಳಿಗೆ 400 ರೂಪಾಯಿ ಸಾಕು. ಬಡ್ಡಿ ಸೇರಿದರೆ ಇನ್ನೂ ಹಗುರ. ಕೂಡಿಡದಿದ್ದರೆ ಇಡೀ ಮೊತ್ತವನ್ನು ಒಮ್ಮೆಗೇ ಕೇಳಬೇಕಾಗುತ್ತದೆ. ಪಿಂಚಣಿಯನ್ನೇ ನೆಚ್ಚಿದವರು ಎಲ್ಲಿಂದ ತರಬೇಕು? ಆ ಜಗಳ ಬಗೆಹರಿಯುವವರೆಗೆ ಲಿಫ್ಟು ನಿಂತರೆ, ನಾಲ್ಕನೆಯ ಅಂತಸ್ತಿನ ಹೃದ್ರೋಗಿಗೆ ಮನೆಯೇ ಸೆರೆಮನೆ.

ಎರಡನೆಯದು ಆರೋಗ್ಯ. ಸಂಪಿನ ಬಿರುಕಿನಲ್ಲಿ ಚರಂಡಿಯ ನೀರು ಒಸರಿದರೆ ಕಾಮಾಲೆ, ವಿಷಮಶೀತ ಜ್ವರಗಳು ಮನೆಮನೆಗೂ ಹರಡಬಲ್ಲವು. ತಾರಸಿಯ ತೊಟ್ಟಿಗೆ ಮುಚ್ಚಳವಿಲ್ಲದಿದ್ದರೆ ಡೆಂಗ್ಯೂ ಹರಡುವ ಸೊಳ್ಳೆಗೆ ಅದೇ ತವರು. ತೊಟ್ಟಿ ತೊಳೆದ ದಿನಾಂಕವನ್ನು ಗೋಡೆಯ ಫಲಕದಲ್ಲಿ ಬರೆಯುವುದು ಸಣ್ಣ ಕೆಲಸ. ಅದನ್ನು ತಪ್ಪದೆ ಮಾಡಿಸುವುದೇ ವ್ಯವಸ್ಥಾಪನೆ.

ಆದುದರಿಂದ ತರಬೇತಿ ಪಡೆದ ವ್ಯವಸ್ಥಾಪಕರು ಅವಶ್ಯ. ಸಂಘವು 1964ರ ಸಹಕಾರ ಸಂಘಗಳ ಕಾಯಿದೆಯಡಿ ನೋಂದಾಯಿತವೋ, 1995ರ ಪರಸ್ಪರ ಸಹಾಯಕ ಸಹಕಾರ ಸಂಘಗಳ ಕಾಯಿದೆಯಡಿಯೋ ಎಂಬ ಅರಿವು, ಸಭೆಯ ನಡವಳಿ ಬರೆಯುವ ಕ್ರಮ, ದುರಸ್ತಿಯ ದರಪಟ್ಟಿಗಳನ್ನು ಹೋಲಿಸುವ ಬಗೆ, ಬೆಂಕಿಯ ಮುಂಜಾಗ್ರತೆ, ಎಲ್ಲಕ್ಕೂ ಮಿಗಿಲಾಗಿ ನೆರೆಹೊರೆಯ ಮನಸ್ತಾಪವನ್ನು ತಣ್ಣಗಾಗಿಸುವ ಮಾತಿನ ಹದ, ಇವು ಅವರಿಗೆ ಪಾಠವಾಗಬೇಕು. ಅಮೆರಿಕದಲ್ಲಿ ವಸತಿ ಸಹಕಾರ ಸಂಘಗಳ ವ್ಯವಸ್ಥಾಪಕರಿಗೆಂದೇ ಪ್ರಮಾಣಪತ್ರದ ಶಿಕ್ಷಣವಿದೆ. ನಮ್ಮಲ್ಲಿಯೂ ನೆಲೆಗಳಿಗೆ ಕೊರತೆಯಿಲ್ಲ. ಪುಣೆಯ ವೈಕುಂಠ ಮೆಹತಾ ರಾಷ್ಟ್ರೀಯ ಸಹಕಾರ ವ್ಯವಸ್ಥಾಪನಾ ಸಂಸ್ಥೆಯಿದೆ. ಹೈದರಾಬಾದಿನ ರಾಜೇಂದ್ರನಗರದಲ್ಲಿಯೇ ಸಹಕಾರ ವ್ಯವಸ್ಥಾಪನಾ ಸಂಸ್ಥೆಯಿದೆ. 2025ರಲ್ಲಿ ಗುಜರಾತಿನ ಆಣಂದದಲ್ಲಿ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವೂ ಸ್ಥಾಪನೆಯಾಗಿದೆ. ವಸತಿ ಸಂಘಗಳು ಕೂಡಿ ಕೇಳಿದರೆ ಅಲ್ಪಾವಧಿಯ ಶಿಬಿರಗಳನ್ನು ಏರ್ಪಡಿಸುವುದು ಅಸಾಧ್ಯವಲ್ಲ. ಒಂದು ಸಂಘಕ್ಕೆ ಸಂಬಳ ಭಾರವಾದರೆ ಒಂದೇ ಬೀದಿಯ ನಾಲ್ಕು ಸಂಘಗಳು ಒಬ್ಬ ವ್ಯವಸ್ಥಾಪಕರನ್ನು ಹಂಚಿಕೊಳ್ಳಬಹುದು.

ವ್ಯವಸ್ಥಾಪಕರು ಬಂದರೆಂದು ಸದಸ್ಯರು ಕೈತೊಳೆದುಕೊಳ್ಳುವಂತಿಲ್ಲ. ತೀರ್ಮಾನ ಸಭೆಯದು, ನಿರ್ವಹಣೆ ಅವರದು. ವರ್ಷಕ್ಕೊಮ್ಮೆ ಜಮಾಖರ್ಚಿನ ಪಟ್ಟಿಯನ್ನು ಓದಿ ಒಂದು ಪ್ರಶ್ನೆಯನ್ನಾದರೂ ಕೇಳುವ ಸದಸ್ಯನೇ ಸಹಕಾರದ ನಿಜವಾದ ಕಾವಲುಗಾರ. ಊರು ಬಿಟ್ಟು ಬಂದು ಜೀವಮಾನದ ಗಳಿಕೆಯನ್ನು ಒಂದು ಮನೆಗೆ ಸುರಿದವರಿಗೆ, ಆ ಮನೆ ನಿಂತಿರುವ ಕಟ್ಟಡವನ್ನು ಕಾಯುವುದೂ ಸಂಸಾರದ ಕೆಲಸವೇ.