ಒಲೆಯ ಗುಣವನ್ನು ಅಳೆಯುವುದು ಹೇಗೆ?

ಸಂತೆಯಲ್ಲಿ ಮಣ್ಣಿನ ಮಡಕೆಯನ್ನು ಕೊಳ್ಳುವವರು ಅದನ್ನು ಬೆರಳಿನ ಗೆಣ್ಣಿನಿಂದ ಬಡಿದು ನೋಡದೆ ಕೊಳ್ಳುವುದಿಲ್ಲ. ಕಂಚಿನಂತೆ ಕಣಕಣ ನಾದ ಬಂದರೆ ಮಡಕೆ ಹದವಾಗಿ ಬೆಂದಿದೆಯೆಂದೂ, ಮಂಕಾದ ಸದ್ದು ಬಂದರೆ ಎಲ್ಲಿಯೋ ಬಿರುಕು ಇದೆಯೆಂದೂ ಅವರು ತಿಳಿಯುತ್ತಾರೆ. ಮಡಕೆಗೆ ಇಷ್ಟು ಪರೀಕ್ಷೆ ಮಾಡುವ ನಾವು, ಅದನ್ನು ಏರಿಸುವ ಒಲೆಯನ್ನು ಆರಿಸುವಾಗ ಮಾತ್ರ ಅದರ ಹೆಸರನ್ನೂ ಹೊಳಪನ್ನೂ ನೋಡಿ ತೃಪ್ತರಾಗುತ್ತೇವೆ. ಆದರೆ ಒಲೆಯೂ ಒಂದು ಯಂತ್ರವೇ. ಸೌದೆಯಲ್ಲಿ ಅಥವಾ ಇದ್ದಿಲಿನಲ್ಲಿ ಅಡಗಿರುವ ಶಕ್ತಿಯನ್ನು ಬಿಡಿಸಿ ಅಡಿಗೆಗೆ ಮುಟ್ಟಿಸುವುದು ಅದರ ಕೆಲಸ. ಆ ಕೆಲಸವನ್ನು ಅದು ಎಷ್ಟರಮಟ್ಟಿಗೆ ಮಾಡುತ್ತದೆಂಬುದನ್ನು ಒಂದು ತಕ್ಕಡಿ ಮತ್ತು ಒಂದು ಉಷ್ಣಮಾಪಕದಿಂದ ಅಳೆಯಬಹುದು. ಮನೆಯ ಖರ್ಚು, ಬೆಟ್ಟದ ಮರ, ಅಡಿಗೆ ಮಾಡುವವರ ಶ್ವಾಸಕೋಶ ಈ ಮೂರರ ಕ್ಷೇಮವೂ ಆ ಅಳತೆಯಲ್ಲಿ ಅಡಗಿದೆ.

ಎರಡು ಒಲೆಗಳು

ಹಾರೋಹಳ್ಳಿಯ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿಗಳ ಸೀಮೆಯೆಲ್ಲ ರಾಗಿಯ ಸೀಮೆ; ಮನೆಯಲ್ಲಿ ದಿನವೂ ಮುದ್ದೆ ಆಗಬೇಕು. ಅಡಿಗೆ ಅನಿಲ ಬಂದಿದ್ದರೂ ಹಂಡೆಯ ನೀರಿಗೆ, ದೊಡ್ಡ ಅಡಿಗೆಗೆ ಸೌದೆಯ ಒಲೆ ಉಳಿದಿದೆ. ಆ ಒಲೆಯನ್ನು ಬದಲಿಸಬೇಕೆಂದು ತಾಯಿ ಬಯಸುತ್ತಾಳೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಾದರೋ ಹಿತ್ತಿಲಿಗೆ ‘ಕಮಾಡೊ’ ಎಂಬ ಮೊಟ್ಟೆಯಾಕಾರದ ಒಲೆಯನ್ನು ತರಿಸಬೇಕೆಂದಿದ್ದಾನೆ. ಇಬ್ಬರಿಗೂ ಬೇಕಾದ ವಿಜ್ಞಾನ ಒಂದೇ.

ಜಪಾನೀ ಭಾಷೆಯಲ್ಲಿ ಕಮಾಡೊ ಎಂದರೆ ಒಲೆ ಎಂದೇ ಅರ್ಥ. ಅಲ್ಲಿ ಅನ್ನ ಬೇಯಿಸಲು ಬಳಸುತ್ತಿದ್ದ ಮುಚ್ಚಳವುಳ್ಳ ಮಣ್ಣಿನ ಒಲೆಯನ್ನು ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಸೈನಿಕರು ಮೆಚ್ಚಿ ತಮ್ಮ ದೇಶಕ್ಕೆ ಒಯ್ದರು. 1974ರಲ್ಲಿ ಅಟ್ಲಾಂಟಾ ನಗರದಲ್ಲಿ ಎಡ್ ಫಿಷರ್ ಎಂಬವರು ‘ಬಿಗ್ ಗ್ರೀನ್ ಎಗ್’ ಎಂಬ ಕಂಪೆನಿಯನ್ನು ತೆರೆದರು. ಮೊದಲಿನ ಮಣ್ಣಿನ ಒಲೆಗಳು ಬೇಗ ಬಿರುಕು ಬಿಡುತ್ತಿದ್ದುದರಿಂದ ಕ್ರಮೇಣ ಹೆಚ್ಚು ಉಷ್ಣವನ್ನು ತಾಳುವ ಸಿರಾಮಿಕ್ ಬಳಕೆಗೆ ಬಂದಿತು. ‘ಪ್ರೈಮೊ’, ‘ಕಮಾಡೊ ಜೋ’ ಮುಂತಾದವು ಇದೇ ಕುಲದವು. ದಪ್ಪ ಗೋಡೆ, ಬಿಗಿಯಾದ ಮುಚ್ಚಳ, ಕೆಳಗೊಂದು ಗಾಳಿಕಂಡಿ, ಮೇಲೊಂದು ಗಾಳಿಕಂಡಿ, ಒಳಗೆ ಇದ್ದಿಲು ಮತ್ತು ಅದರ ಮೇಲೆ ಕಬ್ಬಿಣದ ಜಾಲರಿ: ಇಷ್ಟೇ ಇದರ ರಚನೆ.

ಗೋಡೆ ದಪ್ಪವಾದಷ್ಟೂ ಒಳ್ಳೆಯದೇ?

ಒಲೆಯ ಗೋಡೆ ದಪ್ಪವಿದ್ದರೆ ಶಾಖ ಹೊರಗೆ ಹೋಗದು, ಆದುದರಿಂದ ಉರುವಲು ಉಳಿಯುವುದು ಎಂಬ ನಂಬಿಕೆ ಎಲ್ಲೆಡೆಯೂ ಇದೆ. ಇದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ಸುಟ್ಟ ಮಣ್ಣು ಶಾಖದ ದುರ್ಬಲ ವಾಹಕ, ನಿಜ. ಆದರೆ ಗೋಡೆಯು ಶಾಖವನ್ನು ತಡೆಯುವ ಮೊದಲು ತಾನೇ ಕುಡಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಮಧ್ಯಮ ಗಾತ್ರದ ಕಮಾಡೊ ಒಲೆಯು ಸುಮಾರು 70 ಕಿಲೊಗ್ರಾಂ ತೂಗುತ್ತದೆ. ಒಂದು ಕಿಲೊಗ್ರಾಂ ಸುಟ್ಟ ಮಣ್ಣನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಮಾಡಲು ಸುಮಾರು 0.2 ಕಿಲೊಕ್ಯಾಲೊರಿ ಶಾಖ ಬೇಕು. ಒಳಮೈ ಬಹಳ ಕಾಯ್ದು ಹೊರಮೈ ಅಷ್ಟು ಕಾಯದೆ, ಒಟ್ಟು ಒಲೆಯ ಉಷ್ಣತೆ ಸರಾಸರಿ 100 ಡಿಗ್ರಿ ಏರಿತೆಂದು ಇಟ್ಟುಕೊಂಡರೆ, ಗೋಡೆ ಕುಡಿದ ಶಾಖ 70 × 0.2 × 100, ಅಂದರೆ 1,400 ಕಿಲೊಕ್ಯಾಲೊರಿ. ಒಳ್ಳೆಯ ಇದ್ದಿಲು ಕಿಲೊಗ್ರಾಮಿಗೆ ಸುಮಾರು 7,000 ಕಿಲೊಕ್ಯಾಲೊರಿ ಕೊಡುವುದರಿಂದ, 200 ಗ್ರಾಂ ಇದ್ದಿಲು ಬರಿಯ ಗೋಡೆಗೆ ನೈವೇದ್ಯವಾಯಿತು.

ಈಗ ಮುದ್ದೆಯ ಎಸರನ್ನು ನೋಡಿ. ಮೂರು ಲೀಟರು ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಬೇಕಾದುದು 3 × 75, ಅಂದರೆ 225 ಕಿಲೊಕ್ಯಾಲೊರಿ. ಎಸರಿಗೆ ಬೇಕಾದ ಶಾಖದ ಆರು ಪಟ್ಟನ್ನು ಗೋಡೆಯೇ ನುಂಗಿತು! ಅರ್ಧ ಗಂಟೆಯ ಅಡಿಗೆಗೆ ಇಂತಹ ಒಲೆಯನ್ನು ಹೊತ್ತಿಸುವುದು ಒಂದು ಸೇರು ರಾಗಿ ಬೀಸಲು ಗಿರಣಿಯನ್ನೇ ಕಟ್ಟಿಸಿದಂತೆ.

ಹಾಗಾದರೆ ಆ ಒಲೆ ಕೆಟ್ಟದ್ದೆ? ಅಲ್ಲ. ಹತ್ತು ಗಂಟೆ ಮಂದವಾದ ಶಾಖದಲ್ಲಿ ಮಾಂಸವನ್ನು ಬೇಯಿಸಬೇಕಾದಾಗ ಲೆಕ್ಕ ತಿರುಗಿಬೀಳುತ್ತದೆ. ಒಮ್ಮೆ ಕಾಯ್ದ ಗೋಡೆಯು ಎಲ್ಲ ಕಡೆಯಿಂದಲೂ ಸಮನಾಗಿ ಶಾಖವನ್ನು ವಿಕಿರಣದಿಂದ ಹಿಂದಿರುಗಿಸುತ್ತದೆ. ಒಮ್ಮೆ ತುಂಬಿದ ಇದ್ದಿಲಿನಲ್ಲೇ ಹನ್ನೆರಡು ಗಂಟೆಗಳಿಗೂ ಹೆಚ್ಚು ಕಾಲ ಸುಮಾರು 110 ಡಿಗ್ರಿಯ ಶಾಖವನ್ನು ಅದು ಕಾಯ್ದುಕೊಳ್ಳಬಲ್ಲುದು. ರೊಟ್ಟಿ ಬೇಯಿಸುವ ಭಟ್ಟಿಯ ಗೋಡೆ ದಪ್ಪವಾಗಿರುವುದೂ ಇದೇ ಕಾರಣಕ್ಕೆ. ಆದುದರಿಂದ ಮೊದಲನೆಯ ಪ್ರಶ್ನೆ ‘ಯಾವ ಒಲೆ?’ ಎಂಬುದಲ್ಲ, ‘ಎಷ್ಟು ಹೊತ್ತಿನ ಅಡಿಗೆ?’ ಎಂಬುದು.

ಗಾಳಿಯೇ ಬೆಂಕಿಯ ಕಡಿವಾಣ

ಒಂದು ಕಿಲೊಗ್ರಾಂ ಒಣ ಸೌದೆ ಪೂರ್ತಿಯಾಗಿ ಉರಿಯಲು ಸುಮಾರು ಆರು ಕಿಲೊಗ್ರಾಂ ಗಾಳಿ ಬೇಕು. ಇದಕ್ಕಿಂತ ಕಡಮೆಯಾದರೆ ಹೊಗೆ. ಬಹಳ ಹೆಚ್ಚಾದರೆ ಬೇಡದ ಗಾಳಿಯೂ ಬಿಸಿಯಾಗಿ, ಆ ಶಾಖವನ್ನು ಹೊತ್ತುಕೊಂಡು ಹೊರಟುಹೋಗುತ್ತದೆ. ಮೂರು ಗುಂಡುಗಳ ಒಲೆಯ ದೋಷ ಇಲ್ಲಿಯೇ ಇರುವುದು. ನಾಲ್ಕು ದಿಕ್ಕಿನಿಂದಲೂ ಗಾಳಿ ನುಗ್ಗಿ ಜ್ವಾಲೆಯನ್ನು ಪಾತ್ರೆಯಿಂದ ಆಚೆಗೆ ತಳ್ಳುತ್ತದೆ. ಆದರೂ ಸೌದೆಗಳ ನಡುವಿನ ಸಂದಿಗೆ ಗಾಳಿ ಸಾಲದೆ ಹೊಗೆಯೇಳುತ್ತದೆ. ಆಗ ಊದುಗೊಳವೆಯನ್ನು ಹಿಡಿಯಬೇಕು. ಇಂತಹ ಒಲೆಯಲ್ಲಿ ಸೌದೆಯ ಶಾಖದಲ್ಲಿ ಶೇಕಡ 10ರಿಂದ 15 ಪಾಲು ಮಾತ್ರ ಸಾಮಾನ್ಯವಾಗಿ ಪಾತ್ರೆಯನ್ನು ಸೇರುತ್ತದೆ.

ಕಮಾಡೊ ಒಲೆಯಲ್ಲಿ ಬೆಂಕಿಯ ಕಡಿವಾಣವೆಲ್ಲ ಎರಡು ಕಂಡಿಗಳಲ್ಲಿದೆ. ಬಿಸಿಗಾಳಿ ಹಗುರವಾಗಿ ಮೇಲಿನ ಕಂಡಿಯಿಂದ ಹೊರಬೀಳುತ್ತದೆ. ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ಗಾಳಿ ಬರುತ್ತದೆ. ಕಂಡಿಯನ್ನು ಕಿರಿದುಮಾಡಿದರೆ ಆಮ್ಲಜನಕ ಕಡಮೆಯಾಗಿ ಕೆಂಡ ಮಂದವಾಗುತ್ತದೆ. ಎರಡನ್ನೂ ಮುಚ್ಚಿದರೆ ಬೆಂಕಿ ಆರಿ, ಉಳಿದ ಇದ್ದಿಲು ಮರುದಿನಕ್ಕೆ ಒದಗುತ್ತದೆ. ಆದರೆ ಮುಚ್ಚಳದ ಅಂಚಿನಲ್ಲಿ ಗಾಳಿ ಸೋರುವುದಾದರೆ ಈ ಹತೋಟಿಯೆಲ್ಲ ವ್ಯರ್ಥ. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಒಂದು ಕಾಗದದ ಪಟ್ಟಿಯನ್ನು ಅಂಚಿನಲ್ಲಿಟ್ಟು ಮುಚ್ಚಳವನ್ನು ಮುಚ್ಚಿ, ಮೆಲ್ಲನೆ ಎಳೆಯಿರಿ. ಸುತ್ತಲೂ ಎಲ್ಲೆಡೆಯೂ ಅದು ಸಮನಾಗಿ ಬಿಗಿಹಿಡಿಯಬೇಕು.

ಒಂದು ಎಚ್ಚರಿಕೆ: ಗಾಳಿಯಿಲ್ಲದೆ ಮಂದವಾಗಿರುವ ಒಲೆಯ ಮುಚ್ಚಳವನ್ನು ಥಟ್ಟನೆ ತೆರೆಯಬಾರದು. ಒಳಗೆ ಸೇರಿದ್ದ ಉರಿಯುವ ಅನಿಲಗಳು ಹೊಸ ಗಾಳಿಯನ್ನು ಕೂಡಿ ಭಗ್ಗೆಂದು ಮುಖಕ್ಕೆ ಹಾಯಬಹುದು. ಮೊದಲು ಮುಚ್ಚಳವನ್ನು ಎರಡು ಬೆರಳಿನಷ್ಟು ಎತ್ತಿ, ಸ್ವಲ್ಪ ತಡೆದು, ಆಮೇಲೆ ತೆರೆಯಬೇಕು.

ಬಿರುಕು ಬರುವುದೇಕೆ?

ಬೆಂಕಿ ಹೊತ್ತಿದಾಗ ಗೋಡೆಯ ಒಳಮೈ ಹಿಗ್ಗುತ್ತದೆ. ಹೊರಮೈ ಇನ್ನೂ ತಣ್ಣಗಿರುವುದರಿಂದ ಹಿಗ್ಗಲಾರದು. ಈ ಎಳೆದಾಟ ಮಿತಿಮೀರಿದಾಗ ಗೋಡೆ ಸೀಳುತ್ತದೆ. ಗೋಡೆಯಲ್ಲಿ ನೀರು ಸೇರಿದ್ದರೆ ಇನ್ನೂ ಅಪಾಯ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಸ್ಥಳವನ್ನು ಬೇಡುತ್ತದೆ. ನಮ್ಮ ಕುಂಬಾರರು ಜೇಡಿಮಣ್ಣಿಗೆ ಮರಳನ್ನೋ ಹೊಟ್ಟನ್ನೋ ಬೆರೆಸುವುದರ ಗುಟ್ಟು ಇದೇ. ಮರಳಿನ ಕಣಗಳೂ, ಹೊಟ್ಟು ಸುಟ್ಟು ಉಳಿದ ಸಣ್ಣ ರಂಧ್ರಗಳೂ ಹಬ್ಬುತ್ತಿರುವ ಬಿರುಕನ್ನು ಅಲ್ಲಲ್ಲೇ ತಡೆಯುತ್ತವೆ. ಹೊಸ ಒಲೆಯನ್ನು ಮೊದಲು ಸಣ್ಣ ಉರಿಯಲ್ಲಿ ಹದಮಾಡುವ ಪದ್ಧತಿಯೂ ವಿಜ್ಞಾನಸಮ್ಮತವೇ.

ಕಮಾಡೊ ಒಲೆಯಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ಇದ್ದಿಲನ್ನು ಹಿಡಿದಿರುವ ಒಳಗಿನ ಬೋಗುಣಿ. ಅದನ್ನು ಒಂದೇ ತುಂಡಾಗಿ ಮಾಡಿದರೆ ಹಿಗ್ಗಲು ಎಡೆಯಿಲ್ಲದೆ ಒಡೆಯುವುದುಂಟು. ಅದನ್ನು ಹಲವು ತುಂಡುಗಳಾಗಿ ಮಾಡಿ ನಡುವೆ ಸಂದು ಬಿಟ್ಟರೆ, ರೈಲು ಕಂಬಿಗಳ ನಡುವೆ ಬಿಡುವ ಸಂದಿನಂತೆ, ಹಿಗ್ಗುವುದಕ್ಕೆ ಅವಕಾಶವಾಗುತ್ತದೆ.

ಉಂಗ್ರದ ಪಾಠ

ಇನ್ನು ತಾಯಿಯ ಒಲೆಗೆ ಬರೋಣ. ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲೇ ವಿಜ್ಞಾನಿಗಳು ಆಳವಾಗಿ ವಿಚಾರಿಸಿದ್ದಾರೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರವು ಹುಟ್ಟಿತು. ವಿಜ್ಞಾನವನ್ನು ಹಳ್ಳಿಗಳ ಕೆಲಸಕ್ಕೆ ಒದಗಿಸುವುದು ಅದರ ಉದ್ದೇಶ. ಮಾಗಡಿಗೆ ನೆರೆಯಾದ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅವರು ನೆಲೆಯೂರಿ, ಸುತ್ತಲ ಹಳ್ಳಿಗಳಲ್ಲಿ ಶಕ್ತಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಮನೆಮನೆಗೂ ಹೋಗಿ ಅಳೆದರು. ಅದರಲ್ಲಿ ಬಹುಪಾಲು ಸೌದೆಯಿಂದ ಬರುತ್ತದೆ, ಅಡಿಗೆಯೊಲೆಗೆ ಹೋಗುತ್ತದೆ ಎಂದು ಕಂಡುಬಂದಿತು.

ಈ ತಿಳಿವಿನಿಂದ 1980ರ ದಶಕದಲ್ಲಿ ‘ಅಸ್ತ್ರ ಒಲೆ’ ರೂಪುಗೊಂಡಿತು. ಇದು ಮಣ್ಣಿನದೇ, ಮೂರು ಪಾತ್ರೆಗಳ ಒಲೆ. ಬೆಂಕಿಯ ಗೂಡು ಮುಚ್ಚಿದ್ದು, ಸೌದೆ ಹಾಕುವ ಬಾಯಿಗೆ ಮುಚ್ಚಳವುಂಟು. ಜಾಲರಿಯ ಕೆಳಗಿನಿಂದ ಅಳತೆಯಾಗಿ ಗಾಳಿ ಬರುತ್ತದೆ. ಮೊದಲ ಪಾತ್ರೆಯನ್ನು ದಾಟಿದ ಬಿಸಿ ಅನಿಲ ಎರಡನೆಯದಕ್ಕೂ ಮೂರನೆಯದಕ್ಕೂ ತಾಗಿ, ಹೊಗೆಕೊಳವೆಯ ಮೂಲಕ ಮಾಡಿನಾಚೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇಕಡ 30ನ್ನು ಮೀರಿತು. ನಮ್ಮ ಅಜ್ಜಿಯರ ಕೋಡೊಲೆಯೂ ಪಕ್ಕದ ಪಾತ್ರೆಗೆ ಶಾಖ ಹಾಯಿಸುತ್ತಿತ್ತು. ಅದಕ್ಕೆ ಅಳತೆಯೂ ಹೊಗೆಕೊಳವೆಯೂ ಸೇರಿದವು. ಇಲ್ಲಿ ಉಳಿತಾಯ ಬಂದದ್ದು ಗೋಡೆಯ ದಪ್ಪದಿಂದಲ್ಲ. ಗಾಳಿಯ ದಾರಿಯನ್ನು ತಿದ್ದಿದ್ದರಿಂದ ಎಂಬುದನ್ನು ಗಮನಿಸಬೇಕು.

ಮುದ್ದೆಯ ಸೀಮೆಯಲ್ಲಿ ಇನ್ನೊಂದು ಗುಣವೂ ಅಗತ್ಯ. ಕೋಲಿನಿಂದ ಹಿಟ್ಟನ್ನು ಬಲವಾಗಿ ತೊಳಸುವಾಗ ಪಾತ್ರೆ ಅಲುಗಬಾರದು. ಎಷ್ಟೇ ದಕ್ಷವಾದರೂ ಹಗುರವಾದ ತಗಡಿನ ಒಲೆ ಈ ಬಲಕ್ಕೆ ಜಾರಿ ಉರುಳುವುದಾದರೆ ಮನೆಯವರು ಅದನ್ನು ಮೂಲೆಗೆ ಸೇರಿಸುವುದು ಸಹಜ. ನೆಲಕ್ಕೆ ಕಟ್ಟಿದ ಮಣ್ಣಿನ ಒಲೆಗೆ ಈ ತೊಡಕಿಲ್ಲ.

1983ರಲ್ಲಿ ಭಾರತ ಸರ್ಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದು 2002ರಲ್ಲಿ ಕೊನೆಗೊಂಡಿತು. ಕೋಟಿಗಟ್ಟಲೆ ಒಲೆಗಳನ್ನು ಕಟ್ಟಿದರೂ ಅನೇಕವು ಬಾಳಲಿಲ್ಲ. ಕಟ್ಟುವಾಗ ಅಳತೆ ತಪ್ಪಿದರೆ, ಹೊಗೆಕೊಳವೆಯ ಮಸಿಯನ್ನು ತೆಗೆಯದಿದ್ದರೆ ಒಳ್ಳೆಯ ಒಲೆಯೂ ಹಳೆಯ ಒಲೆಯಷ್ಟೇ ಆಗಿಬಿಡುತ್ತದೆ. ಒಲೆಯನ್ನು ಆರಿಸುವಾಗ ‘ಇದನ್ನು ರಿಪೇರಿ ಮಾಡುವವರು ಯಾರು?’ ಎಂದು ಕೇಳದಿದ್ದರೆ ಆಯ್ಕೆ ಅಪೂರ್ಣ.

ಕಾಣದ ವಿಷ

ಹೊಗೆಯ ಕೆಡುಕು ಕಣ್ಣಿಗೆ ತಿಳಿಯುತ್ತದೆ. ಇದ್ದಿಲಿನ ಕೆಡುಕು ತಿಳಿಯುವುದಿಲ್ಲ. ಕೆಂಡಕ್ಕೆ ಹೊಗೆಯಿಲ್ಲವೆಂದು ಅದನ್ನು ನಿರಪಾಯವೆಂದು ಬಗೆಯುವವರುಂಟು. ಗಾಳಿ ಕಡಮೆಯಾದ ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಮಂಪರು. ಆಮೇಲೆ ಎಚ್ಚರವೇ ಇರದು. ಕಂಡಿಗಳನ್ನು ಕಿರಿದುಮಾಡಿಯೇ ನಡೆಸುವ ಕಮಾಡೊ ಒಲೆ ಈ ಅನಿಲದ ತವರು. ಅದರ ಸ್ಥಳ ಬಯಲೇ ಹೊರತು ಕೋಣೆಯಲ್ಲ, ಮುಚ್ಚಿದ ಪಡಸಾಲೆಯೂ ಅಲ್ಲ. ಚಳಿಗಾಲದಲ್ಲಿ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕುವುದೂ ಅಷ್ಟೇ ಅಪಾಯಕರ.

ಹೆಸರುಗಳ ನಡುವೆ ಆಯ್ಕೆ

ಇಷ್ಟನ್ನು ತಿಳಿದಮೇಲೆ ಮಗನ ಆಯ್ಕೆ ಸುಲಭ. ಬಿಗ್ ಗ್ರೀನ್ ಎಗ್‌ನ ‘ಲಾರ್ಜ್’ ಮಾದರಿಗೂ ಕಮಾಡೊ ಜೋವಿನ ‘ಕ್ಲಾಸಿಕ್’ ಮಾದರಿಗೂ ಜಾಲರಿಯ ಅಗಲ 18 ಅಂಗುಲವೇ; ಎರಡೂ ದಪ್ಪ ಗೋಡೆಯವೇ. ಆದುದರಿಂದ ಶಾಖದ ಮಾತಿನಲ್ಲಿ ಅವುಗಳ ಅಂತರ ಅಲ್ಪ. ನೋಡಬೇಕಾದುದು ಒಳಗಿನ ಬೋಗುಣಿ ಒಂದೇ ತುಂಡೋ ಹಲವು ತುಂಡೋ, ಮುಚ್ಚಳದ ಅಂಚಿನ ಪಟ್ಟಿ ಯಾವ ವಸ್ತುವಿನದು, ಕೀಲು ಮುಚ್ಚಳದ ಭಾರವನ್ನು ತಾಳುವುದೇ, ಒಡೆದ ಭಾಗ ನಮ್ಮ ಊರಿಗೆ ದೊರೆಯುವುದೇ ಎಂಬುದು. ಪ್ರೈಮೊ ಒಲೆಯ ಅಂಡಾಕಾರದಿಂದ ಒಂದು ಪಕ್ಕದಲ್ಲಿ ಕೆಂಡ, ಇನ್ನೊಂದು ಪಕ್ಕದಲ್ಲಿ ಮಂದ ಶಾಖ ಇಡಲು ಅನುಕೂಲ. ‘ಏಕಾರ್ನ್’ ಎಂಬುದು ಎರಡು ಪದರದ ಉಕ್ಕಿನ ಗೋಡೆಯುಳ್ಳದ್ದು. ಹಗುರವಾದುದರಿಂದ ಬೇಗ ಕಾಯುತ್ತದೆ, ಬಿದ್ದರೆ ಒಡೆಯದು, ಆದರೆ ತುಕ್ಕಿನ ಭಯವುಂಟು. ತಿಂಗಳಿಗೊಮ್ಮೆ ಅರ್ಧ ಗಂಟೆ ಬಳಸುವವರಿಗೆ ಇವುಗಳಲ್ಲಿ ಯಾವುದೂ ಬೇಕಿಲ್ಲ; ಒಂದು ಸಾಮಾನ್ಯ ಇದ್ದಿಲೊಲೆ ಸಾಕು.

ನೀವೇ ಅಳೆಯಿರಿ

ವಿದ್ಯಾರ್ಥಿಗಳು ತಮ್ಮ ಮನೆಯ ಸೌದೆಯೊಲೆಯ ದಕ್ಷತೆಯನ್ನು ಹಿರಿಯರ ಸಮ್ಮುಖದಲ್ಲಿ ಅಳೆಯಬಹುದು. ಮೂರು ಲೀಟರು ನೀರಿನ ಉಷ್ಣತೆಯನ್ನು ನೋಡಿ, ಒಣ ಸೌದೆಯನ್ನು ತೂಗಿ, ಒಲೆ ಹೊತ್ತಿಸಿ. ನೀರು ಕುದಿಯತೊಡಗಿದೊಡನೆ ಬೆಂಕಿಯನ್ನು ಆರಿಸಿ, ಉಳಿದ ಸೌದೆಯನ್ನು ಮತ್ತೆ ತೂಗಿ. ಒಣ ಸೌದೆ ಕಿಲೊಗ್ರಾಮಿಗೆ ಸುಮಾರು 3,500 ಕಿಲೊಕ್ಯಾಲೊರಿ ಕೊಡುತ್ತದೆ. ಅರ್ಧ ಕಿಲೊಗ್ರಾಂ ಸುಟ್ಟಿದ್ದರೆ ವ್ಯಯವಾದುದು 1,750. ನೀರಿಗೆ ಸೇರಿದುದು 225. ದಕ್ಷತೆ ಸುಮಾರು ಶೇಕಡ 13. ಉಳಿದ ಕೆಂಡದ ಲೆಕ್ಕ ಬಿಟ್ಟಿರುವುದರಿಂದ ಇದು ಸ್ಥೂಲವಾದ ಅಳತೆ. ಆದರೂ ಎರಡು ಒಲೆಗಳನ್ನು ಹೋಲಿಸಲು ಸಾಲುತ್ತದೆ. ಅದೇ ನೀರಿಗೆ ಕಾಲು ಕಿಲೊಗ್ರಾಂ ಸೌದೆಯೇ ಸಾಕಾದರೆ ಆ ಒಲೆಯ ದಕ್ಷತೆ ಶೇಕಡ 26. ವರ್ಷದ ಸೌದೆಯ ಹೊರೆಯಲ್ಲಿ ಅರ್ಧ ಇಳಿಯಿತು. ಪಾತ್ರೆಗೆ ಮುಚ್ಚಳ ಹಾಕಿ ಒಮ್ಮೆ, ಹಾಕದೆ ಒಮ್ಮೆ ಈ ಪ್ರಯೋಗವನ್ನು ಮಾಡಿ, ಫಲಿತಾಂಶಗಳನ್ನು ಬರೆದಿಟ್ಟುಕೊಂಡರೆ, ಹೊಸ ಒಲೆಯನ್ನು ಕೊಳ್ಳುವ ಮೊದಲೇ ಎಷ್ಟು ಉಳಿಸಬಹುದೆಂಬುದು ಮನೆಯವರಿಗೆಲ್ಲ ತಿಳಿಯುವುದು.