ಶುಶ್ರೂಷಕರ ಮೊದಲ ನೌಕರಿ: ಸಂಬಳದೊಡನೆ ಹಾಸಿಗೆಯ ಲೆಕ್ಕವೂ ಇರಲಿ

ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ತಗುಲಿದ ಮೇಲೆ ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳ ಅನೇಕ ಕುಟುಂಬಗಳು ತೋಟದ ಆದಾಯವೊಂದನ್ನೇ ನೆಚ್ಚಿಕೊಳ್ಳುವ ಸ್ಥಿತಿಯಲ್ಲಿಲ್ಲ. ಮಕ್ಕಳ ವೃತ್ತಿಶಿಕ್ಷಣಕ್ಕೆ ಹಣ ತೊಡಗಿಸುವುದು ಬೆಳೆಗಾರರಿಗೂ ವರ್ತಕರಿಗೂ ಒಂದು ಬಗೆಯ ಬಂಡವಾಳ ಹೂಡಿಕೆಯೇ ಆಗಿದೆ. ನರ್ಸಿಂಗ್ ಶಿಕ್ಷಣವೂ ಇಂತಹ ಹೂಡಿಕೆಗಳಲ್ಲಿ ಒಂದು. ಆದರೆ ಪದವಿ ಕೈಸೇರಿದ ಮಾತ್ರಕ್ಕೆ ಅದು ಫಲ ನೀಡುವುದಿಲ್ಲ. ಮೊದಲ ನೌಕರಿಯ ಆಯ್ಕೆಯೇ ಮುಂದಿನ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ನೋಂದಣಿ ಮತ್ತು ಸಾಲದ ಗಡುವು

ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಇರಲಿ, ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಇರಲಿ, ಉತ್ತೀರ್ಣರಾದವರು ಮೊದಲು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಇದರಲ್ಲಿ ವಿಳಂಬವಾದಷ್ಟೂ ನೌಕರಿಯೂ ಮುಂದೆ ಹೋಗುತ್ತದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯು 2015ರಲ್ಲಿ ಪರಿಷ್ಕೃತವಾದಂತೆ, ವ್ಯಾಸಂಗ ಮುಗಿದ ಒಂದು ವರ್ಷದ ಬಳಿಕ ಕಂತು ಆರಂಭವಾಗುತ್ತದೆ. ಆದಕಾರಣ ಸಾಲ ಮಾಡಿದ ಮನೆಯವರಿಗೆ ಆ ಒಂದು ವರ್ಷ ಅತ್ಯಮೂಲ್ಯವಾದುದು.

ಹಾಸಿಗೆಗಳ ಸಂಖ್ಯೆ ಏಕೆ ಮುಖ್ಯ?

ಊರಿನ ಚಿಕ್ಕ ನರ್ಸಿಂಗ್ ಹೋಂನಲ್ಲಿ ಸೇರಿದರೆ ಬಾಡಿಗೆ, ಊಟದ ಖರ್ಚು ಉಳಿಯುತ್ತದೆ. ಹೆರಿಗೆ, ಜ್ವರ, ಅಪಘಾತ ಎಲ್ಲವನ್ನೂ ನೋಡಿ ಕಲಿಯುವ ಅವಕಾಶವೂ ಉಂಟು. ಮಣಿಪಾಲ, ಮಂಗಳೂರು ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಖರ್ಚು ಹೆಚ್ಚು; ಆದರೆ ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿ ಮುಂತಾದ ವಿಭಾಗಗಳ ವಿಶೇಷ ಅನುಭವ ದೊರೆಯುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಏಮ್ಸ್ ಸಂಸ್ಥೆಗಳ ಶುಶ್ರೂಷಾಧಿಕಾರಿ ಹುದ್ದೆಗಳಿಗೆ 2020ರಿಂದ ನಾರ್ಸೆಟ್ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಬಿ.ಎಸ್ಸಿ. ಪದವೀಧರರಿಗೆ ಇದಕ್ಕೆ ಅನುಭವದ ನಿರ್ಬಂಧವಿಲ್ಲ. ಜಿ.ಎನ್.ಎಂ. ಪಡೆದವರಿಗಾದರೋ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವ ಕಡ್ಡಾಯ. ಇಪ್ಪತ್ತು ಹಾಸಿಗೆಗಳ ನರ್ಸಿಂಗ್ ಹೋಂನಲ್ಲಿ ಎಷ್ಟೇ ನಿಷ್ಠೆಯಿಂದ ದುಡಿದರೂ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ವೇತನದ ಶಿಫಾರಸು

ವೇತನಕ್ಕೂ ಹಾಸಿಗೆಯ ಲೆಕ್ಕವೇ ಆಧಾರ. ಖಾಸಗಿ ಆಸ್ಪತ್ರೆಗಳ ಶುಶ್ರೂಷಕರ ಸ್ಥಿತಿಗತಿ ಕುರಿತು ಸರ್ವೋಚ್ಚ ನ್ಯಾಯಾಲಯವು 2016ರ ಜನವರಿಯಲ್ಲಿ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವಲ್ಲಿ ರಾಜ್ಯ ಸರ್ಕಾರಿ ಶುಶ್ರೂಷಕರಿಗೆ ಸಮಾನ ವೇತನ, 100ಕ್ಕಿಂತ ಹೆಚ್ಚಿದ್ದರೆ ಶೇ. 10ರಷ್ಟು, 50ರಿಂದ 100 ಇದ್ದರೆ ಶೇ. 25ರಷ್ಟು ಮಾತ್ರ ಕಡಿಮೆ, 50ಕ್ಕಿಂತ ಕಡಿಮೆ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿಲ್ಲದ ವೇತನ ಎಂಬುದು ಅದರ ಶಿಫಾರಸು. ಇದು ತಾನಾಗಿಯೇ ಕಾನೂನಲ್ಲ. ಜಾರಿಯ ಹೊಣೆ ರಾಜ್ಯಗಳದು. ನೆರೆಯ ಕೇರಳವು 2018ರಲ್ಲಿ 20,000 ರೂಪಾಯಿಗಳ ಕನಿಷ್ಠ ವೇತನವನ್ನು ಅಧಿಸೂಚನೆಯ ಮೂಲಕ ಜಾರಿಗೆ ತಂದಿತು. ಆದರೂ ಸಂದರ್ಶನಕ್ಕೆ ಹೋಗುವ ಅಭ್ಯರ್ಥಿಗೆ ಈ ಅಂಕಿಗಳು ತಿಳಿದಿರುವುದು ಒಳಿತು.

ಊರಿನವರ ಪಾತ್ರ

ತುರ್ತು ರೋಗಿಯನ್ನು ಘಟ್ಟ ಇಳಿಸಿ ಮಣಿಪಾಲಕ್ಕೋ ಇಲ್ಲವೇ ಶಿವಮೊಗ್ಗಕ್ಕೋ ಒಯ್ಯುವ ಕಷ್ಟ ಮಲೆನಾಡಿಗರಿಗೆ ಹೊಸದಲ್ಲ. ಮಂಗನ ಕಾಯಿಲೆಯ ದಿನಗಳಲ್ಲಂತೂ ಸ್ಥಳೀಯ ಪರಿಸರವನ್ನು ಬಲ್ಲ ಶುಶ್ರೂಷಕರ ಬೆಲೆ ಎಲ್ಲರಿಗೂ ಅರಿವಾಗುತ್ತದೆ. ಕಲಿತ ಮಕ್ಕಳೆಲ್ಲ ಊರು ಬಿಟ್ಟರೆ ಈ ಕೊರತೆ ತುಂಬುವವರಾರು?

ಚಿಕ್ಕ ಆಸ್ಪತ್ರೆಗಳು ದೊಡ್ಡ ನಗರದ ಸಂಬಳ ನೀಡಲಾರವು ಎಂಬುದು ನಿಜ. ಆದರೆ ಲಿಖಿತ ನೇಮಕಾತಿ ಪತ್ರ, ಬ್ಯಾಂಕಿನ ಮೂಲಕ ವೇತನ, ಕೆಲಸ ಬಿಡುವಾಗ ತಕರಾರಿಲ್ಲದೆ ಅನುಭವ ಪತ್ರ, ಮೂಲ ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಳ್ಳದ ಸೌಜನ್ಯ, ಇವಕ್ಕೆ ಹೆಚ್ಚಿನ ಖರ್ಚಿಲ್ಲ. ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿರುವ ವರ್ತಕ ಬಾಂಧವರು ಇದನ್ನು ಪರಿಪಾಠವಾಗಿಸಿದರೆ ಅನುಭವ ಗಳಿಸಿದವರು ಊರಿನಲ್ಲೇ ನೆಲೆಸಲು ಕಾರಣವೊಂದು ದೊರೆಯುತ್ತದೆ. ಒಳ್ಳೆಯ ನೌಕರನನ್ನು ಉಳಿಸಿಕೊಳ್ಳುವುದು ಹೊಸಬರನ್ನು ಹುಡುಕುವುದಕ್ಕಿಂತ ಅಗ್ಗವೆಂಬುದು ಅಂಗಡಿ, ಕಾರ್ಖಾನೆ ನಡೆಸುವವರಿಗೆ ತಿಳಿಯದ ಮಾತೇನಲ್ಲ.