ಚೌಕದೊಳಗಿನ ಬೀದಿ

ಕಬ್ಬು ನುರಿಸುವ ಹಂಗಾಮಿನಲ್ಲಿ ನಿಪ್ಪಾಣಿ ತಾಲ್ಲೂಕಿನ ಬೋರಗಾಂವದ ರಸ್ತೆಗೆ ಚೌಕ ಫೋಟೋ ತೆಗೆಯಲು ಇಳಿದವರಿಗೆ ಮೊದಲು ಅಡ್ಡ ಬರುವುದು ಟ್ರ್ಯಾಕ್ಟರು. ಹಿಂದೆ ಟ್ರೇಲರ್ ಕಟ್ಟಿಕೊಂಡು ಉದ್ದಕ್ಕೂ ಚಾಚಿದ ಅದು ಚೌಕದಲ್ಲಿ ಹಿಡಿಸುವುದಿಲ್ಲ. ಹಿಂದೆ ಸರಿದರೆ ಕಬ್ಬು ನಡುವೆ ಸಣ್ಣ ಪಟ್ಟಿಯಾಗುತ್ತದೆ. ಉಳಿದದ್ದೆಲ್ಲ ಆಕಾಶ, ಧೂಳು. ಹತ್ತಿರ ಹೋದರೆ ಚಿತ್ರ ಸಿಗುತ್ತದೆ: ಹಿಂದಿನ ದೊಡ್ಡ ಗಾಲಿ, ಅದರ ಮೇಲೆ ಚಾಲಕನ ಮೊಣಕೈ, ಜೋತುಬಿದ್ದ ಸೋಗೆ.

ಈ ಚೌಕವನ್ನು 2010ರಲ್ಲಿ ಬಂದ ಇನ್‌ಸ್ಟಾಗ್ರಾಂ ಮನೆಮನೆಗೆ ಮುಟ್ಟಿಸಿತು, ನಿಜ. ಆದರೆ ಅದು 1929ರ ರೋಲೈಫ್ಲೆಕ್ಸ್‌ನಲ್ಲೇ ಇತ್ತು. ಎರಡು ಮಸೂರಗಳ ಆ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜು ನೋಡಬೇಕು. ಒಳಗೆ 45 ಡಿಗ್ರಿ ಓರೆಯಾಗಿ ಕೂತ ಕನ್ನಡಿ ದೃಶ್ಯವನ್ನು ನೆಟ್ಟಗೆ ತೋರಿಸುತ್ತದೆ, ಎಡಬಲ ಮಾತ್ರ ಅದಲುಬದಲು. ಇಂಥದ್ದನ್ನು ಅಡ್ಡ ಮಲಗಿಸಿದರೆ ಪಕ್ಕದಿಂದ ಇಣುಕಬೇಕಾದೀತು. ಚಿತ್ರ ಚೌಕವಾದರೆ ತಿರುಗಿಸುವ ಗೋಜೇ ಇಲ್ಲ. ನಮ್ಮ ಸ್ಟುಡಿಯೋಗಳ ಯಾಶಿಕಾ, ಮನೆಗಳ ಆಗ್ಫಾ ಕ್ಲಿಕ್ 3 ಕೂಡ ಒಂದು ಸುರುಳಿ 120 ಫಿಲ್ಮಿನಲ್ಲಿ 12 ಚೌಕಗಳನ್ನೇ ಕೊಡುತ್ತಿದ್ದವು.

ಲೆಕ್ಕವೂ ಚೌಕದ ಪರವಾಗಿದೆ. ಮಸೂರ ಮೂಡಿಸುವ ಬಿಂಬ ದುಂಡಗಿನದು. ಆ ವೃತ್ತದೊಳಗೆ ಕೂರಿಸಬಹುದಾದ ಆಯತಗಳಲ್ಲಿ ಹೆಚ್ಚು ಜಾಗ ತುಂಬುವುದು ಚೌಕ, ಸುಮಾರು ಶೇ 64, 35 ಮಿ.ಮೀ. ಫಿಲ್ಮಿನ 3:2 ಆಯತ ತುಂಬುವುದು ಶೇ 59. ಮೊಬೈಲಿಗೆ ಈ ಲಾಭವಿಲ್ಲ. ಅದರ ಸಂವೇದಕ ಸಾಮಾನ್ಯವಾಗಿ 4:3 ಆಗಿರುವುದರಿಂದ ಚೌಕಕ್ಕೆ ಕಾಲು ಭಾಗ ಹೋಗುತ್ತದೆ, 12 ಮೆಗಾಪಿಕ್ಸೆಲ್ 9ಕ್ಕೆ ಇಳಿಯುತ್ತದೆ. ಬೀದಿಯ ಚಿತ್ರಕ್ಕೆ ಅಷ್ಟು ಧಾರಾಳವಾಗಿ ಸಾಕು.

ಹಳೆಯ ಕ್ಯಾಮೆರಾದಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಎತ್ತರ. ಸಂತೆಯಲ್ಲಿ ನೆಲದ ಮೇಲೆ ಕೂತು ಮೆಣಸಿನಕಾಯಿ ಮಾರುವ ಅಜ್ಜಿಯನ್ನು ನಿಂತಲ್ಲಿಂದಲೇ ಕಣ್ಣೆತ್ತರದಲ್ಲಿ ತೆಗೆದರೆ ತಲೆಯ ಮೇಲಿನ ಸೆರಗೇ ಮುಂದಾಗಿ ಮುಖ ಮರೆಯಾಗುತ್ತದೆ. ಮೊಬೈಲನ್ನು ಸೊಂಟದ ಮಟ್ಟಕ್ಕೆ ಇಳಿಸಿ ನೆಟ್ಟಗೆ ಹಿಡಿದರೆ ದಿಗಂತದ ರೇಖೆಯೂ ಅಲ್ಲಿಗೇ ಇಳಿಯುತ್ತದೆ. ಅಜ್ಜಿಯ ಹಣೆ, ಕಣ್ಣು, ಮುಂದಿನ ತಕ್ಕಡಿ ಎಲ್ಲವೂ ಚೌಕದೊಳಗೆ ಬರುತ್ತವೆ. ಸೊಂಟದ ಮಟ್ಟದ ಈ ಹಿಡಿತ ಕದ್ದು ತೆಗೆಯಲು ನೆಪವಾಗಬಾರದು ಎಂಬುದು ನನ್ನ ಖಚಿತ ನಿಲುವು. “ಅಜ್ಜೀ, ಒಂದ್ ಫೋಟೋ ತಗೀಲೇನ್ರಿ?” ಅಂತ ಕೇಳಿದರೆ ಆಯಿತು. ಬೇಡ ಅಂದರೆ ಮುಂದೆ ನಡೆಯಿರಿ.

ಮೊಬೈಲಿನಲ್ಲಿ 1:1 ಅನ್ನು ಮನೆ ಬಿಡುವ ಮುಂಚೆಯೇ ಹಾಕಿಕೊಳ್ಳಿ. ಆಮೇಲೆ ಕತ್ತರಿಸಿ ಚೌಕ ಮಾಡುವವರಿಗೆ ಎಲ್ಲಿ ನಿಲ್ಲಬೇಕೆಂಬುದು ರೂಢಿಯಾಗುವುದಿಲ್ಲ.